ಹಿಡಿ ಕಾಳಿನ ಗಡಿಗೆ

ಜುಲೈ ತಿಂಗಳಲ್ಲಿ ನೈರೋಬಿಯಲ್ಲಿ ಬಿಸಿಲೆಂಬುದು ಇರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆಕಾಶ ಒಲೆಯ ಬೂದಿಯ ಬಣ್ಣಕ್ಕಿರುತ್ತದೆ. ಮಳೆ ಸುರಿಯುವುದೂ ಇಲ್ಲ, ಮೋಡ ಸರಿಯುವುದೂ ಇಲ್ಲ. ಆಫ್ರಿಕಾ ಎಂದರೆ ಬರೀ ಸೆಖೆ ಎಂದುಕೊಂಡು ಬಂದಿದ್ದ ನನ್ನ ಅವ್ವ, ಹೈರಿಡ್ಜ್ ಬಡಾವಣೆಯ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕವದಿ ಹೊದ್ದು ಕೂತು, ಒಣಗಲು ಹಟ ಹಿಡಿದ ಸಂಡಿಗೆಯನ್ನು ನೋಡುತ್ತ, "ಇದೆಂಥಾ ದೇಶನ ಯವ್ವಾ, ಬಿಸಲನ್ನೂ ಊರಿಂದ ಕಟಿಗೊಂಡು ಬರಬೇಕಾಗಿತ್ತು" ಎಂದಳು. ಅದನ್ನು ಅವಳು ತಮಾಷೆಗೆ ಹೇಳಿದ್ದಲ್ಲ. ಕಟ್ಟಿಕೊಂಡು ಬರಲು ಆಗುವಂತಿದ್ದರೆ ತಂದೇ ತರುತ್ತಿದ್ದಳು.

ಬೇರೆಲ್ಲವನ್ನೂ ತಂದಿದ್ದಳು. ಅವಳ ಎರಡು ಸೂಟ್‌ಕೇಸುಗಳಲ್ಲಿ ಸೀರೆಗಳಿಗೆ ಸಿಕ್ಕಿದ್ದು ಒಂದು ಮೂಲೆ. ಉಳಿದ ಜಾಗದಲ್ಲಿ ಪಂಚೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಣಗಿಸಿದ ಚವಳಿಕಾಯಿ, ಕವದಿ ಹೊಲಿಯುವ ದಬ್ಬಣ, ಕಾಳಿಗೆ ಹಾಕಲು ಒಣಬೇವಿನ ಎಲೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿಣಿ ರೊಟ್ಟಿಯನ್ನು ಬೆರಳಿನಿಂದ ಬಡಿದು ಇದೇನೆಂದು ಕೇಳಿದರೆ, ಇವಳು ಅಚ್ಚ ಕನ್ನಡದಲ್ಲಿ "ರೊಟ್ಟಿರೀ, ಒಂದು ತಿಂತೀರೇನು?" ಎಂದು ಮುರಿದು ಕೈಗೇ ಕೊಟ್ಟಳಂತೆ. ಆಕೆ ನಕ್ಕು ಬಿಟ್ಟುಬಿಟ್ಟಳಂತೆ.

ನಮ್ಮೂರು ಉತ್ತರ ಕರ್ನಾಟಕದ ಎರೆಭೂಮಿಯದು. ಮಳೆ ಹಿಡಿದರೆ ಕರಿ ಮಣ್ಣು ಕಾಲನ್ನೂ ಬಿಡುತ್ತಿರಲಿಲ್ಲ, ಗಾಲಿಯನ್ನೂ ಬಿಡುತ್ತಿರಲಿಲ್ಲ. ಬಸ್ಸು ದೊಡ್ಡ ರಸ್ತೆಯಲ್ಲೇ ನಿಂತು ತಿರುಗಿ ಹೋಗುತ್ತಿತ್ತು. ಅಂಗಡಿ, ದವಾಖಾನೆ, ಸಂತೆ ಎಲ್ಲ ಆ ರಸ್ತೆಯ ಆಚೆಗೆ. ಹೀಗಾಗಿ ಮನೆಯೊಳಗೆ ಏನಿದೆಯೋ ಅದೇ ನಮ್ಮ ಪಾಲಿಗೆ ಜಗತ್ತು. ಅಂಗಳದಲ್ಲಿ ಜೋಳ ತುಂಬುವ ನೆಲದೊಳಗಿನ ಹಗೇವು ಇತ್ತು. ಅದರ ಬಾಯಿ ತೆಗೆದು ಗಾಳಿ ಆಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರದೆ ನಿಂತರೆ ಮಾತ್ರ ಮನುಷ್ಯರು ಇಳಿಯಬೇಕು. ನಮ್ಮ ಮನೆಯಲ್ಲಿ ಇಳಿಯುತ್ತಿದ್ದವಳು ಅವ್ವ. ಅವಳ ತಲೆ ಕತ್ತಲೆಯೊಳಗೆ ಮುಳುಗುವುದನ್ನು ನೋಡುತ್ತ ಅಂಚಿನಲ್ಲಿ ನಿಂತು ನಾನು ಅಳುತ್ತಿದ್ದೆ.

ಇದನ್ನೆಲ್ಲ ಈಗ ಜನ ಸ್ವಾವಲಂಬನೆ ಎಂದು ಹೊಗಳುತ್ತಾರೆ. ನಗರದ ನಡುಭಾಗದಲ್ಲಿದ್ದ ನನ್ನ ಆಫೀಸಿನಲ್ಲೂ ಬರಗಾಲಕ್ಕೆ ಒಣನಾಡಿನ ಮನೆಗಳು ಮಾಡಿಕೊಳ್ಳುವ ಸಿದ್ಧತೆಯ ಬಗ್ಗೆ ಬಣ್ಣದ ಚಿತ್ರ ಹಾಕಿದ ಪುಸ್ತಿಕೆಗಳು ಬರುತ್ತಿದ್ದವು. ನನಗೆ ಅವನ್ನು ಕಂಡರೆ ಮೈ ಉರಿಯುತ್ತಿತ್ತು. ನಾನು ಅಂಥ ಮನೆಯಲ್ಲೇ ಬೆಳೆದವಳು. ಅದು ಜಾಣತನಕ್ಕಿಂತ ಹೆಚ್ಚಾಗಿ ಹೆದರಿಕೆ. ತಾಯಿಯಿಂದ ಮಗಳಿಗೆ ಕೊಟ್ಟು ಬಂದ ಹೆದರಿಕೆ.

ಅವ್ವನ ಹೆದರಿಕೆಗೆ ಒಂದು ಗಡಿಗೆ ಇತ್ತು. ದಿನಾ ರೊಟ್ಟಿಗೋ ನುಚ್ಚಿಗೋ ಎಂದು ಕಾಳು ಅಳೆದುಕೊಂಡ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಆ ಗಡಿಗೆಗೆ ಹಾಕುತ್ತಿದ್ದಳು. ಹಾಕುವಾಗ "ಇರಲಿ" ಎನ್ನುತ್ತಿದ್ದಳು. ಹೆಚ್ಚಿಗೆ ಅಳೆದು ತೆಗೆದಿಡುವಂತಿಲ್ಲ, ಉಣ್ಣುವ ಪಾಲಿನಿಂದಲೇ ತೆಗೆಯಬೇಕು. ಕಡಿಮೆಯಾದದ್ದು ಯಾರ ತಾಟಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಕಡಿಮೆಯಾಗುತ್ತಿದ್ದದ್ದು ಯಾವಾಗಲೂ ಅವಳ ತಾಟಿನಲ್ಲಿ. ಒಂದು ವರ್ಷ ಬೆಳೆ ಕೈಕೊಟ್ಟಾಗ ಆ ಗಡಿಗೆಯ ಕಾಳನ್ನೇ ಉಂಡಿದ್ದೆವು. ಆಗ ಅಪ್ಪ ಊರ ಮುಂದೆಲ್ಲ ಹೆಂಡತಿಯನ್ನು ಹೊಗಳಿಕೊಂಡು ತಿರುಗಿದರು. ಅವಳು ಎಷ್ಟು ದಿನ ಅರೆಹೊಟ್ಟೆ ಉಂಡಿರಬಹುದೆಂದು ಯಾರೂ ಕೇಳಲಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ ನಾನೇ ಒತ್ತಾಯ ಮಾಡಿ ಅವಳನ್ನು ನೈರೋಬಿಗೆ ಕರೆಸಿಕೊಂಡೆ. ಮಗಳು ಶಾಲೆಯಿಂದ ಬರುವಾಗ ಮನೆಯಲ್ಲಿ ಯಾರಾದರೂ ಇರಲಿ ಎಂಬುದು ನೆಪ. ಅವಳು ಇನ್ನಾದರೂ ಹೊಟ್ಟೆ ತುಂಬ ಉಂಡು, ಯಾವ ಚಿಂತೆಯೂ ಇಲ್ಲದೆ ಕೂತಿರಲಿ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಬಂದ ವಾರದೊಳಗೆ ಅವಳು ಅಡುಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡಳು. ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲವೆಂದು ತಿಳಿದಕೂಡಲೇ ಹಳದಿ ಜೆರಿಕ್ಯಾನುಗಳ ಸಾಲು ಬಾಲ್ಕನಿಗೆ ಬಂತು. ಇಲ್ಲಿಯವರು ಸ್ಟಿಮಾ ಎನ್ನುವ ಕರೆಂಟು ಆಗಾಗ ಕೈಕೊಡುತ್ತದೆಂದು ಕಂಡ ಮೇಲೆ ಜಿಕೊ ಬಂತು, ಎಂದರೆ ಇದ್ದಿಲಿನ ಒಲೆ. ಮ್ತಾಮಾ ಎಂದು ಮಾರುವ ಕೆಂಪು ಜೋಳವನ್ನು ಕಸರಾನಿ ಕಡೆಯ ಹಿಟ್ಟಿನ ಗಿರಣಿಯೊಂದಕ್ಕೆ ಕಳಿಸಿ ಬೀಸಿಸಿದಳು. ಮೆಕ್ಕೆಜೋಳದ ಹಿಟ್ಟು ಬೆರೆತು ಬಂತೆಂದು ಒಂದಿಡೀ ದಿನ ಬೈದಳು. ರೊಟ್ಟಿಯ ಅಂಚು ಒಡೆಯುತ್ತಿತ್ತು, ಆದರೂ ಬಡಿದಳು. ಗಡಿಗೆ ಸಿಗಲಿಲ್ಲವೆಂದು ಒಂದು ತಗಡಿನ ಡಬ್ಬಿಯನ್ನೇ ಗಡಿಗೆ ಮಾಡಿಕೊಂಡಳು.

ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಒಂದು ದಿನ ಅವಳ ಪಕ್ಕ ನಿಂತು "ವೈ ಆರ್ ಯೂ ಪುಟಿಂಗ್ ಇಟ್ ಬ್ಯಾಕ್, ಅಜ್ಜಿ?" ಎಂದು ಕೇಳಿದಳು.

ಅವ್ವನಿಗೆ ಇಂಗ್ಲಿಷು ಬರುವುದಿಲ್ಲ, ಆದರೆ ಪ್ರಶ್ನೆ ತಿಳಿಯಿತು. "ಇರಲಿ ತಂಗಿ," ಎಂದಳು.

ನನ್ನ ಗಂಡ ಮೈಸೂರಿನವರು. ಬೆಂಗಳೂರಿನ ಕಂಪನಿಯಿಂದ ಇಲ್ಲಿಯ ಬ್ಯಾಂಕೊಂದರ ಕಂಪ್ಯೂಟರ್ ಕೆಲಸಕ್ಕೆ ಬಂದವರು. ಎಲ್ಲವನ್ನೂ ಮುಗಿದ ಮೇಲೆಯೇ ಕೊಳ್ಳುವ ಜಾತಿ. ಸಕ್ಕರೆ ಡಬ್ಬಿ ಕೆರೆದ ಸದ್ದು ಕೇಳಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅವ್ವ ನಮ್ಮ ಕಡೆಯ ರೂಢಿಯಂತೆ ಅಳಿಯನ ಎದುರಿಗೆ ನಿಂತು ಮಾತಾಡುತ್ತಿರಲಿಲ್ಲ. ಅವರು ಹಾಲಿಗೆ ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲ ಮರೆಗೆ ಸರಿಯುತ್ತಿದ್ದಳು. ಹೇಳಬೇಕಾದದ್ದನ್ನು ನನ್ನ ಮೂಲಕ ಹೇಳುತ್ತಿದ್ದಳು. ಮನೆ ಇರುವುದೇ ಅಷ್ಟಗಲ, ಇಬ್ಬರ ಮಾತೂ ಇಬ್ಬರಿಗೂ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ನಡುವೆ ಟಪಾಲಿನವಳಂತೆ ನಾನು ಬೇಕಿತ್ತು.

"ಅತ್ತೆಗೆ ಹೇಳು, ಕೆಳಗಡೆನೇ ಸೂಪರ್‌ಮಾರ್ಕೆಟ್ ಇದೆ, ಪಕ್ಕದಲ್ಲೇ ಕೆಮಿಸ್ಟ್ ಇದೆ. ಇಷ್ಟೆಲ್ಲ ಯಾಕೆ ತುಂಬಿಡ್ಬೇಕು?" ಎನ್ನುತ್ತಿದ್ದರು ಇವರು.

"ಅವರಿಗೆ ಹೇಳವಾ, ಅಂಗಡಿಯಾವೇನು ನಮ್ಮ ಮನಿ ಆಳೇನು? ಅವಗ ಮನಸಾದಾಗ ಬಾಗಲಾ ತಗೀತಾನ," ಎಂದು ಬಾಗಿಲ ಮರೆಯಿಂದ ಬರುತ್ತಿತ್ತು.

ಇವರಿಗೂ ಬಿಪಿ ಇತ್ತು, ಅವ್ವನಿಗೂ ಇತ್ತು. ಅವಳು ಊರಿನಿಂದ ತಂದ ಗುಳಿಗೆಯ ತಗಡಿನ ಪಟ್ಟಿಯನ್ನು ನೋಡಿದರೆ ಇವರು ತೆಗೆದುಕೊಳ್ಳುವ ಗುಳಿಗೆಯೇ. ಅದೇ ಹೆಸರು, ಅದೇ ಬಣ್ಣ. "ಅತ್ತೆ ಅಳಿಯನ ಜಾತಕ ಕೂಡದಿದ್ದರೂ ಗುಳಿಗೆ ಕೂಡಿದೆ" ಎಂದು ನಾನು ನಗೆಯಾಡಿದೆ. ನಮ್ಮದು ಮನೆಯವರ ಮಾತು ಮೀರಿ ಆದ ಮದುವೆ. ಅವ್ವ ಅದನ್ನು ಒಪ್ಪಿಕೊಳ್ಳಲು ವರ್ಷಗಳನ್ನೇ ತೆಗೆದುಕೊಂಡಿದ್ದಳು. ಅಂದು ಅವಳು ನಗಲಿಲ್ಲ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

ಅದು ಚುನಾವಣೆಯ ವರ್ಷ. ಹಿಂದೊಮ್ಮೆ ಚುನಾವಣೆಯ ಬೆನ್ನಿಗೆ ಈ ದೇಶದಲ್ಲಿ ನಡೆದ ಕೊಲೆ, ಬೆಂಕಿಯ ನೆನಪು ಎಲ್ಲರಲ್ಲೂ ಇತ್ತು. ಆಗಸ್ಟ್ ಹತ್ತಿರ ಬಂದಂತೆ ಸೂಪರ್‌ಮಾರ್ಕೆಟ್ಟಿನಲ್ಲಿ ಹಿಟ್ಟಿನ ಚೀಲಗಳು ಖಾಲಿಯಾದವು. ಪರಿಚಯದ ಗುಜರಾತಿ ಮನೆಗಳು ಮಕ್ಕಳನ್ನು ಕರೆದುಕೊಂಡು ಲಂಡನ್ನಿಗೋ ದುಬೈಗೋ ಹೊರಟವು. ಗೇಟಿನ ಕಾವಲುಗಾರ ಕೂಡ ಓಟು ಹಾಕಲು ಊರಿಗೆ ಹೋಗುವಾಗ, ಬಾಗಿಲು ಭದ್ರ ಮಾಡಿಕೊಳ್ಳಿ ಎಂದು ನನಗೆ ಹೇಳಿ ಹೋದ. ಇವರ ಬ್ಯಾಂಕಿನ ಯಂತ್ರಗಳು ನಿಲ್ಲುವಂತಿರಲಿಲ್ಲವಾದ್ದರಿಂದ ನಾವು ಹೋಗುವಂತಿರಲಿಲ್ಲ. ನಾನು ಹೆದರಿದ್ದೆ. ಅವ್ವ ಹೆದರಿದಂತೆ ಕಾಣಲಿಲ್ಲ. ಅವಳಿಗೆ ಆ ವಾತಾವರಣ ಹೊಸದಲ್ಲ, ತನ್ನ ಹಳೆಯ ಕೆಲಸಕ್ಕೆ ಮರಳಿದವಳಂತೆ ಚುರುಕಾದಳು.

ಓಟಿನ ಮರುದಿನ ಬೀದಿಗಳು ಬಿಕೋ ಎಂದವು. ಒಂದು ಮಟಾಟು ಬಸ್ಸಿನ ಹಾರ್ನೂ ಇಲ್ಲ. ದೂರದಲ್ಲೆಲ್ಲೋ ಹೆಲಿಕಾಪ್ಟರ್ ಸದ್ದು. ಅಂಥ ಬೆಳಿಗ್ಗೆ ಇವರು ಬಚ್ಚಲುಮನೆಯ ಕಪಾಟಿನಿಂದ ಖಾಲಿ ಪಟ್ಟಿ ಹಿಡಿದು ಬಂದರು. ಗುಳಿಗೆ ಹಿಂದಿನ ದಿನವೇ ಮುಗಿದಿತ್ತು. ಕೆಳಗಿನ ಕೆಮಿಸ್ಟಿನವನು ಕಬ್ಬಿಣದ ಬಾಗಿಲು ಎಳೆದುಕೊಂಡು ಊರಿಗೆ ಹೋಗಿದ್ದ. ನನಗೆ ತಲೆ ಕೆಟ್ಟು ಇವರ ಮೇಲೆ ರೇಗಾಡಿದೆ. "ಎಷ್ಟು ಸಲ ಹೇಳಿದ್ದೆ ನಿಮಗೆ!"

"ಒಂದು ವಾರ ಬಿಟ್ರೆ ಏನೂ ಆಗಲ್ಲ ಕಣೆ," ಎಂದರು ಇವರು, ಮುಖ ಮಾತ್ರ ಸಪ್ಪಗಾಗಿತ್ತು.

ಬಾಗಿಲ ಮರೆಯಿಂದ ಬಳೆಯ ಸದ್ದಾಯಿತು. ಅವ್ವ ನನ್ನನ್ನು ಕರೆದು ಬಟ್ಟಲೊಂದನ್ನು ಕೊಟ್ಟಳು. ಅದರಲ್ಲಿ ಗುಳಿಗೆಗಳಿದ್ದವು. "ಅವರಿಗೆ ಕೊಡು. ಅಂಗಡಿ ತಗಿಯೂತನಾ ಆಗ್ತಾವ."

"ನಿನಗ?" ಎಂದೆ.

"ನನ್ನ ಕಡೆ ಬೇಕಾದಷ್ಟ ಅದಾವ."

ನಾನು ನಂಬಿದೆ. ಅವಳ ಹತ್ತಿರ ಏನು ಬೇಕಾದಷ್ಟು ಇರಲಿಲ್ಲ ಹೇಳಿ! ಆ ವಾರ ನಾವು ಅವಳ ರೊಟ್ಟಿ ಉಂಡೆವು, ಅವಳ ನೀರು ಕುಡಿದೆವು, ಅವಳ ಜಿಕೊದ ಬೆಂಕಿಗೆ ಮೈ ಕಾಯಿಸಿಕೊಂಡೆವು. ಇವರು ಮೊದಲ ಸಲ "ಅತ್ತೆ ಇಲ್ದಿದ್ರೆ ನಾವು ಕೆಟ್ಟಿದ್ವಿ" ಎಂದರು. ಅದನ್ನು ಒಳಗೆ ತಲುಪಿಸಲು ನಾನು ಎದ್ದಾಗ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳನ್ನು ನೈರೋಬಿಯಲ್ಲಿ ಅಷ್ಟು ಸಂತೋಷವಾಗಿ ನಾನು ಕಂಡದ್ದು ಅದೊಂದೇ ವಾರ. ಅಂಗಡಿ ತೆರೆದ ಮೇಲೆ ಇವರು ತಮಗೂ ಅವಳಿಗೂ ಗುಳಿಗೆ ತಂದರು. ತನ್ನ ಪಾಲಿನ ಪಟ್ಟಿಯನ್ನು ಅವಳು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಇಟ್ಟಳು.

ಕಥೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಕೆಲವು ವಾರಗಳ ಮೇಲೆ ಕೋರ್ಟು ಆ ಚುನಾವಣೆಯನ್ನೇ ರದ್ದು ಮಾಡಿತು. ಮತ್ತೊಮ್ಮೆ ಓಟು ಎಂದರು. ಟಿವಿಯ ಮುಂದೆ ಕೂತಿದ್ದ ನಾನು ಸುದ್ದಿಯನ್ನು ಕನ್ನಡದಲ್ಲಿ ಹೇಳಿದಾಗ ಅವ್ವ, "ಮತ್ತ ಅಂಗಡಿ ಮುಚ್ಚತಾವೇನು?" ಎಂದು ಕೇಳಿದಳು. ಮುಚ್ಚಬಹುದು ಎಂದೆ. ಅವಳು ಎದ್ದು ಒಳಗೆ ಹೋದಳು.

ಆ ದಿನಗಳಲ್ಲಿ ಅವಳಿಗೆ ತಲೆನೋವು ಬರುತ್ತಿತ್ತು. ಥಂಡಿಗೆ ಎನ್ನುತ್ತಿದ್ದಳು. ಹಣೆಗೆ ಬಜೆ ತೇಯ್ದು ಹಚ್ಚಿಕೊಂಡು ಕವದಿಯ ಹೊಲಿಗೆ ಹಾಕುತ್ತ ಕೂರುತ್ತಿದ್ದಳು. ಗುಳಿಗೆ ತಗೊಂಡೆಯಾ ಎಂದರೆ "ತಗೊಂಡೇನಿ" ಎನ್ನುತ್ತಿದ್ದಳು. ಅವಳು ಯಾವುದನ್ನೂ ಮರೆಯುವವಳಲ್ಲ, ಹಾಗಾಗಿ ಕೇಳುವುದೇ ಅವಮಾನವೆನಿಸಿ ನಾನು ಕೇಳುವುದನ್ನು ಬಿಟ್ಟೆ. ಅಕ್ಟೋಬರಿನಲ್ಲಿ ಬೀದಿಯ ಮರಗಳೆಲ್ಲ ನೇರಳೆ ಹೂ ಬಿಟ್ಟು ರಸ್ತೆಯೂ ಅದೇ ಬಣ್ಣವಾಗಿದ್ದ ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದ ಸದ್ದು ನಡುವೆ ನಿಂತಿತು. ಹೋಗಿ ನೋಡಿದರೆ ಅವ್ವ ಹಿಟ್ಟು ನಾದುವ ಕೊಮಣಿಗೆಯ ಪಕ್ಕ ಬಿದ್ದಿದ್ದಳು. ಹಿಟ್ಟು ಮೆತ್ತಿದ ಬಲಗೈ ಅಲುಗಾಡುತ್ತಿರಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬಿಪಿಯ ಗುಳಿಗೆ ತಪ್ಪಿಸುತ್ತಿದ್ದರೇ ಎಂದು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ತಾಯಿ ಎಂಥವಳೆಂದು ಈತನಿಗೇನು ಗೊತ್ತು? ಒಂದು ದಿನವೂ ತಪ್ಪಿಸಿಲ್ಲವೆಂದು ದನಿ ಏರಿಸಿ ಹೇಳಿದೆ. ಆತ ತಲೆ ಆಡಿಸಿ, ಬರೆದುಕೊಂಡು ಹೋದ.

ಅವಳಿಗೆ ಗಂಜಿ ಒಯ್ಯಲು ಮನೆಗೆ ಬಂದೆ. ದೊಡ್ಡ ಡಬ್ಬದಲ್ಲಿ ಜೋಳದ ಹಿಟ್ಟು ಇರಲಿಲ್ಲ. ನುಚ್ಚಾದರೂ ಒಡೆಯೋಣವೆಂದು ಹಿಡಿ ಕಾಳಿನ ಡಬ್ಬಿಗೆ ಕೈ ಹಾಕಿದೆ. ಕಾಳಿನ ಒಳಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಅವಳ ಹಳೆಯ ಸೀರೆಯ ತುಂಡು. ಬೀಜವನ್ನು ಹೇಗೆ ಕಾಪಿಡುತ್ತಾರೋ ಹಾಗೆ ಒಣಬೇವಿನ ಎಲೆಯೊಳಗೆ ಗುಳಿಗೆಗಳಿದ್ದವು. ಊರಿನಿಂದ ತಂದವು, ಇವರು ತಂದುಕೊಟ್ಟವು, ಎಲ್ಲವೂ ಪಟ್ಟಿಯಿಂದ ಬಿಡಿಸಿದವು. ತುಂಬ ಇದ್ದವು.

ಕಾಳಿಗೆ ಮಾಡಿದ್ದನ್ನೇ ಅವಳು ಗುಳಿಗೆಗೂ ಮಾಡಿದ್ದಳು. ನುಂಗಬೇಕಾದ ಪಾಲಿನಿಂದಲೇ ತೆಗೆದು, ಇರಲಿ ಎಂದು, ಅಳಿಯನಿಗಾಗಿ. ಆಗಸ್ಟಿನಲ್ಲಿ ಬಟ್ಟಲಲ್ಲಿ ಬಂದವೂ ಇಂಥವೇ. ಇಡೀ ವಾರ ಇವರು ನುಂಗಿದ್ದು ಅವ್ವ ನುಂಗದೇ ಉಳಿಸಿದ್ದನ್ನು.

ಮತ್ತೆ ಓಟು ಎಂದ ಮೇಲೆ ಅವಳು ಹೆಚ್ಚು ಹೆಚ್ಚು ಉಳಿಸಿದ್ದಿರಬೇಕು. ಗುಳಿಗೆಯ ವಿಷಯದಲ್ಲಿ ಅರೆಹೊಟ್ಟೆ ನಡೆಯುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದಳೋ ಇಲ್ಲವೋ. ನನಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು. ಅವಳ ಮೇಲೆ, ಆ ಡಬ್ಬಿಯ ಮೇಲೆ, ಅವಳಿಗೆ ಇದನ್ನು ಕಲಿಸಿದ ಊರಿನ ಮೇಲೆ.

ಗಂಟನ್ನು ಆಸ್ಪತ್ರೆಗೇ ಒಯ್ದು ಅವಳ ಮುಂದೆ ಹಿಡಿದೆ. "ಏನಬೇ ಇದು? ಯಾಕ ಹಿಂಗ ಮಾಡಿದಿ?" ಎಂದು ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುವಂತೆ ಕಿರುಚಿದೆ. ಅವಳಿಗೆ ಮಾತು ಹೋಗಿತ್ತು. ಹೋಗಿತ್ತೆಂದರೆ ಪೂರ್ತಿ ಅಲ್ಲ. ಒಂದು ಶಬ್ದ ಉಳಿದಿತ್ತು. ನೀರು ಕೊಟ್ಟರೂ ಅದೇ, ನೋವಾಗುತ್ತಿದೆಯೇ ಎಂದರೂ ಅದೇ. ಅಂದೂ ಅದನ್ನೇ ಹೇಳಿದಳು, ನಾಲಿಗೆ ಹೊರಳಿಸಿಕೊಂಡು, ಬಹಳ ಕಷ್ಟಪಟ್ಟು.

"ಇರಲಿ."

ಇವರು ನನ್ನ ಹಿಂದೆ ನಿಂತಿದ್ದರು. ಅವರನ್ನು ಕಂಡ ಕೂಡಲೇ ಅವಳ ಎಡಗೈ ತಲೆಯ ಹತ್ತಿರ ಹೋಗಿ ಇಲ್ಲದ ಸೆರಗನ್ನು ಹುಡುಕಿತು. ಅವಳ ಮೈಮೇಲಿದ್ದದ್ದು ಆಸ್ಪತ್ರೆಯ ನಿಲುವಂಗಿ. ನಾನು ಹೊದಿಕೆಯ ಅಂಚನ್ನೇ ಎಳೆದು ತಲೆಗೆ ಹೊದಿಸಿದೆ. ಆಮೇಲೆ ಅವಳು ಬಾಗಿಲೂ ಇಲ್ಲದೆ, ನಡುವೆ ನಾನೂ ಇಲ್ಲದೆ, ನೇರವಾಗಿ ಅಳಿಯನ ಮುಖ ನೋಡಿ ಅದೇ ಮಾತು ಹೇಳಿದಳು. ಇವರು ಗೋಡೆಯ ಕಡೆ ತಿರುಗಿ ನಿಂತು ಅತ್ತರು.

ಮನೆಗೆ ಕರೆತಂದ ಮೇಲೆ ಅವಳು ಊಟ ಮಾಡಿಸಲು ಬಿಟ್ಟಳು, ಸ್ನಾನ ಮಾಡಿಸಲೂ ಬಿಟ್ಟಳು. ಗುಳಿಗೆಯನ್ನು ಮಾತ್ರ ಬಾಯಿಗೆ ಹಾಕಲು ಬಿಡಲಿಲ್ಲ. ಮುಖ ತಿರುಗಿಸಿ ಎಡಗೈ ಚಾಚುತ್ತಿದ್ದಳು, ತಾನೇ ತೆಗೆದುಕೊಳ್ಳುತ್ತೇನೆ ಎಂಬಂತೆ. ಅಷ್ಟಾದರೂ ಅವಳ ಕೈಯಲ್ಲಿ ಉಳಿಯಲಿ ಎಂದು ನಾವು ಬಿಟ್ಟೆವು. ಇವರು ಒಂದು ಉಪಾಯ ಮಾಡಿದರು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅವಳ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ತಮ್ಮ ತುಂಬಿದ ಪಟ್ಟಿಗಳನ್ನೆಲ್ಲ ತೋರಿಸುತ್ತಿದ್ದರು. "ನೋಡಿ ಅತ್ತೆ, ನನ್ಹತ್ರ ಬೇಕಾದಷ್ಟಿದೆ. ಮೂರು ತಿಂಗಳಿಗಾಗೋಷ್ಟು ತಂದಿಟ್ಟಿದೀನಿ. ಇದು ನಂದು, ಅದು ನಿಮ್ದು." ತಮ್ಮದನ್ನು ನುಂಗಿ, ಖಾಲಿ ಬಾಯಿಯನ್ನೂ ತೆರೆದು ತೋರಿಸುತ್ತಿದ್ದರು. ಆಗ ಅವಳು ಮುಷ್ಟಿಯನ್ನು ಬಾಯಿಗೆ ಒಯ್ದು, ನೀರು ಗುಟುಕರಿಸಿ, ತಲೆ ಆಡಿಸುತ್ತಿದ್ದಳು.

ಅದನ್ನು ಬಾಗಿಲಲ್ಲಿ ನಿಂತು ನೋಡುವಾಗ ನನಗೆ ನಿಜವಾಗಿ ಸಮಾಧಾನವಾಗುತ್ತಿತ್ತು. ಇಷ್ಟು ವರ್ಷಗಳ ಮೇಲೆ ಇಬ್ಬರೂ ಎದುರುಬದುರು ಕೂತಿದ್ದರು. ಬೆಚ್ಚಗಿನ ಜನವರಿ ಬಂತು. ಬಾಲ್ಕನಿಗೆ ಕೊನೆಗೂ ಬಿಸಿಲು ಬಿತ್ತು. ಅವಳ ಕುರ್ಚಿಯನ್ನು ಅಲ್ಲಿಗೆ ಸರಿಸುತ್ತಿದ್ದೆವು. ಇನ್ನು ಸ್ವಲ್ಪ ಗಟ್ಟಿಯಾದರೆ ಊರಿಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದ್ದರು, ನಾನು ಟಿಕೆಟ್ ನೋಡತೊಡಗಿದ್ದೆ. ಫೆಬ್ರವರಿಯ ಒಂದು ಬೆಳಿಗ್ಗೆ ಎಬ್ಬಿಸಲು ಹೋದರೆ ಅವಳ ಮೈ ತಣ್ಣಗಿತ್ತು. ನಿದ್ದೆಯಲ್ಲೇ ಎರಡನೇ ಸಲ ಲಕ್ವ ಹೊಡೆದಿತ್ತು.

ಸುದ್ದಿ ತಿಳಿದು ಬಂದ ಕನ್ನಡದ ಹೆಂಗಸರಿಬ್ಬರು ಅವಳ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ನಾನು ಅವಳ ಸೀರೆ ಬಿಡಿಸುತ್ತಿದ್ದೆ. ಸೆರಗಿನ ತುದಿಯಲ್ಲಿ ಗಂಟಿತ್ತು. ಒಂದೇ ಕೈಯಿಂದ ಹಾಕಿದ ಗಂಟು, ಹಲ್ಲಿನಿಂದ ಎಳೆದು ಬಿಗಿದದ್ದು. ಬಿಚ್ಚಿದರೆ ಗುಳಿಗೆಗಳು. ಒಂದೂ ನೀರು ಮುಟ್ಟಿರಲಿಲ್ಲ.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹತ್ತಿರ ಬಂದು ಕೈ ಚಾಚಿದರು, ನಾನು ಅವನ್ನು ಅಂಗೈಗೆ ಸುರಿದೆ. ಆ ಬೆಳಗಿನ ಗಡಿಬಿಡಿಯಲ್ಲಿ ಅವರಿನ್ನೂ ತಮ್ಮ ಗುಳಿಗೆ ತೆಗೆದುಕೊಂಡಿರಲಿಲ್ಲ. ಅವುಗಳಲ್ಲಿ ಒಂದನ್ನು ಆರಿಸಿ, ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು, ನೀರಿಲ್ಲದೆ ನುಂಗಿ, ಬಾಯಿ ತೆರೆದು ತೋರಿಸಿದರು.